ಒಂಬತ್ತು ಸುತ್ತು

ಹನ್ನೊಂದು ದಿನದಿಂದ ತಿಪ್ಪೇಶಿ ನಾಳೆ ಬರುತ್ತಿದ್ದಾನೆ.
'ಅಕ್ಕಾ, ಆನೆಕೊಂಡದಾಗ ಅದೀನಿ, ನಾಳೆ ಗ್ಯಾರಂಟಿ.'
ಬಚ್ಚಲ ನಲ್ಲಿಗೆ ನಾಳೆಯೆಂಬುದು ಗೊತ್ತಿಲ್ಲ;
ಈಗ, ಈಗ, ಈಗ ಎನ್ನುತ್ತ
ತಾಮ್ರದ ಚೊಂಬಿನೊಳಗೆ ಎಣಿಸುತ್ತಲೇ ಇದೆ.
ರಾತ್ರಿಗೊಂದು ಚೊಂಬು,
ಬೆಳಗಾದರೆ ಅದು ಕರಿಬೇವಿನ ಬುಡಕ್ಕೆ.

ಭಾನುವಾರ. ಇವರಿಗೆ ಹರಿಹರದಲ್ಲಿ ಎರಡನೇ ಪಾಳಿ.
ಮಂಡಿಪೇಟೆಗೆ ಹೋಗಿ, ಮುನ್ನೂರ ನಲವತ್ತು ಕೊಟ್ಟು
ಹೊಸ ನಲ್ಲಿ ತಂದೆ.
ಬಿಳಿ ಟೇಪು ಪುಕ್ಕಟೆ ಕೊಟ್ಟ ಅಂಗಡಿಯ ಹುಡುಗ
'ಯಜಮಾನ್ರಿಗೆ ಕೊಡ್ರಿ, ಅವ್ರಿಗೆ ಗೊತ್ತಿರ್ತೈತಿ' ಅಂದ.
ಯಜಮಾನರು ಬಲ್ಬು ಹಾಕುವಾಗ
ಸ್ಟೂಲನ್ನೂ, ಯಜಮಾನರನ್ನೂ ಹಿಡಿಯುವವಳು ನಾನು.
ಹೇಳಲಿಲ್ಲ.
ಸೈಕಲ್ ಶಾಪಿನ ಜಬೀವುಲ್ಲಾ ಪಾನಾ ಕೊಟ್ಟ,
ಮಗ್ರಿಬ್ ನಮಾಜಿನೊಳಗೆ ವಾಪಸು ಎಂಬ ಕರಾರಿನ ಮೇಲೆ.

ಮಾಳಿಗೆಯ ಮೇಲಿನ ವಾಲ್ವು ತಿರುಗುತ್ತದೆ,
ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ನಿಲ್ಲದು.
ಮೆಕ್ಕೆಜೋಳದ ಬೆಂಡಿಗೆ ಹಳೇ ಲಂಗದ ಚೂರು ಸುತ್ತಿ,
ಸಿಮೆಂಟು ತೊಟ್ಟಿಯೊಳಗೆ ಭುಜದವರೆಗೆ ಕೈಬಿಟ್ಟು,
ತಳದ ತೂತಿಗೆ ತುರುಕಿದೆ.
ಕೆಳಗೆ ಎಣಿಕೆ ನಿಂತಿತು.

ಹಳೆಯ ನಲ್ಲಿ ಜಗ್ಗಲಿಲ್ಲ.
ಬೋರಿನ ಉಪ್ಪು ಕತ್ತಿನ ಸುತ್ತ
ಗಟ್ಟಿ ಸುಣ್ಣದ ಪಟ್ಟಿ ಕಟ್ಟಿತ್ತು.
ಕೊಬ್ಬರಿ ಎಣ್ಣೆ ಬಿಟ್ಟೆ. ಕಾದೆ. ಬೈದೆ.
ಪಾನಾದ ತುದಿಗೆ ಜೋತುಬಿದ್ದೆ, ಗೋಡೆಗೆ ಕಾಲು ಕೊಟ್ಟು.
'ಪೈಪು ಮುರದೀಯಲೇ!' ಬಾಗಿಲಲ್ಲಿ ಅತ್ತೆ, ಹಾಲಮ್ಮ,
ಬಕೆಟ್ಟು ಬೋರಲು ಹಾಕಿಕೊಂಡು ಕೂತೇಬಿಟ್ಟರು,
ನಾಟಕಕ್ಕೆ ಮುಂದಿನ ಸಾಲಲ್ಲಿ ಕೂತ ಹಾಗೆ.

ಕಿರ್ ಎಂದಿತು. ಬಂತು.
ಹಲ್ಲು ಕಿತ್ತ ಹಾಗೆ ಬಂತು, ತುಕ್ಕು ನೀರು ಉಗುಳಿ.
ಅದರ ಮರೆಗೆ ಸುತ್ತಿದ್ದು ಸೆಣಬಲ್ಲ,
ಬಣ್ಣ ಮೆತ್ತಿದ ಕಪ್ಪು ದಾರದ ಮುದ್ದೆ.
ಬಿಸಾಕಲು ಹೋದೆ.
'ತಾ ಇಲ್ಲಿ' ಎಂದರು.
ಗಂಟು ಕಟ್ಟಿದ ಬೆರಳುಗಳ ನಡುವೆ ಹೊಸೆದು, ಹೊಸೆದು,
ಒಳಗಿನ ಒಂದೇ ಒಂದು ಬಿಳಿ ಎಳೆ ಬಿಡಿಸಿ,
ಬೆಳಕಿಗೆ ಹಿಡಿದರು.
'ನಲವತ್ತನೇ ನಂಬರು. ನಮ್ಮ ಖಾತೇದು.
ಯಾವನೋ ಚಡ್ಡಿ ಜೇಬಿನಾಗ ಕದ್ದು ತಂದು ಸುತ್ಯಾನ.'
ಇಪ್ಪತ್ತೆರಡು ವರ್ಷ ಮಿಲ್ಲಿನಲ್ಲಿ ಬಾಬಿನ್ ಸುತ್ತಿದವರು.
ನಗುತ್ತಿದ್ದರೋ ಏನೋ,
ಸೆರಗು ಬಾಯಿಗೆ ಅಡ್ಡ ಇತ್ತು.

ನಾನು ಟೇಪು ಸುತ್ತತೊಡಗಿದೆ.
'ಏ, ಏ! ಉಲ್ಟಾ!
ಮರೆ ತಿರುಗೋ ಕಡೀಗೇ ಎಳೀ ಹೋಗಬೇಕು,
ಇಲ್ಲಾಂದ್ರ ಬಿಗಿ ಮಾಡಿದಷ್ಟೂ ಬಿಚ್ಚಿಕೊಳ್ತೈತಿ.'
ಬಿಚ್ಚಿದೆ. ಅವರು ನನ್ನ ಮಣಿಕಟ್ಟು ಹಿಡಿದರು.
ಮದುವೆಯಾಗಿ ಆರು ವರ್ಷಕ್ಕೆ ಮೊದಲ ಸಲ.
ಜಗ್ಗಿ ಹಿಡಿ, ಹರೀಬಾರದು, ಸಡ್ಲಾನೂ ಬಿಡಬಾರದು,
ಒಂದು, ಎರಡು, ಮೂರು...
ಒಂಬತ್ತಕ್ಕೆ ಕೈಬಿಟ್ಟರು.
ಯಾಕೆ ಒಂಬತ್ತು, ನಾನು ಕೇಳಲಿಲ್ಲ.

ನಲ್ಲಿ ಕೂತಿತು. ಚೂರು ವಾರೆ,
ಬಾಗಿಲ ಕಡೆ ಯಾರೋ ಬರುವುದನ್ನು ನೋಡುವ ಹಾಗೆ.
ಉಸಿರು ಬಿಗಿಹಿಡಿದು ತಿರುಗಿಸಿದೆ.
ಒಂದು ಹನಿಯೂ ಇಲ್ಲ.
ಮತ್ತೆ ಮುಚ್ಚಿದೆ, ತೆರೆದೆ. ಗಾಳಿ ಕೆಮ್ಮಿತು.
ಮುನ್ನೂರ ನಲವತ್ತು ರೂಪಾಯಿ, ಜಬೀವುಲ್ಲಾನ ಪಾನಾ,
ತಿಪ್ಪೇಶಿ ನಾಳೆ ಬಂದು ನಗುವ ನಗು,
ಎಲ್ಲ ಒಟ್ಟಿಗೆ ಕಣ್ಣೆದುರು.
ಹಾಲಮ್ಮ ಮೇಲೆ ನೋಡಿದರು, ನನ್ನ ನೋಡಿದರು:
'ಬೆಂಡು ತಗದ್ಯಾ?'

ಮೆಟ್ಟಿಲಿಳಿಯುವಷ್ಟರಲ್ಲಿ ಕೆಳಗೆ
ಬಕೆಟ್ಟಿನ ತಳಕ್ಕೆ ನೀರು ಬಡಿಯುವ ಸದ್ದು,
ಅದರ ಜತೆ 'ಬಂತು, ಬಂತು' ಎಂಬ ಕೂಗು.

ರಾತ್ರಿ ಇವರು ಬಂದರು, ಕೈಕಾಲು ತೊಳೆದರು,
ಉಂಡರು, ಮಲಗಿದರು.
ನಲ್ಲಿ ಕಣ್ಣಿಗೇ ಬೀಳಲಿಲ್ಲ.
ಚೊಂಬು ಖಾಲಿ ಕೂತಿದೆ. ಮನೆ ತುಂಬ ಏನೋ ಕಡಿಮೆ.
ಒಂದು ಗಂಟೆಗೆ ಪಡಸಾಲೆಯಿಂದ ದನಿ:
'ಮಿಲ್ಲು ನಿಂತ ರಾತ್ರೀನೂ ಹಿಂಗ ಆಗಿತ್ತು.
ಸಪ್ಪಳ ಇಲ್ದ ನಿದ್ದಿ ಹತ್ತಲಿಲ್ಲ ಓಣಿಗೆ.'

ಎದ್ದೆ. ಕತ್ತಲಲ್ಲೇ ಹೋಗಿ ನಲ್ಲಿಯ ಕಿವಿ ಹಿಡಿದು
ಒಂದು ಎಳೆಯಷ್ಟು ಸಡಿಲಿಸಲೆಂದು...

'ನೀರು ಹಾಳು ಮಾಡಬ್ಯಾಡ,' ಎಂದರು ಹಾಲಮ್ಮ,
'ಮಕ್ಕೋ ಹೋಗು.'